ಎಲ್ಲಿಂದ ಹೊರಟಿರಿ?

ಲಂಡನ್ನಿನ ಕ್ಲೈಂಟ್ ಆಫೀಸಿಗೆ ಎರಡು ತಿಂಗಳ ಕೆಲಸಕ್ಕೆಂದು ಹೋದವರಿಗೆ ಯಾವುದಾದರೂ ಒಂದು ಶುಕ್ರವಾರ ಸಂಜೆ ಈ ಆಲೋಚನೆ ಬಂದೇ ಬರುತ್ತದೆ. ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನಿಂದ ಪ್ಯಾರಿಸ್ಸಿಗೆ ರೈಲಿನಲ್ಲಿ ಹೆಚ್ಚೆಂದರೆ ಎರಡೂವರೆ ಗಂಟೆ. ಪುಣೆಯಿಂದ ಮುಂಬೈಗೆ ಹೋಗಿ ಬಂದ ಹಾಗೆ. ಇಷ್ಟು ದೂರ ಬಂದಾಗಿದೆ, ಎರಡು ದಿನ ರಜೆ ಇದೆ, ನೋಡಿಕೊಂಡು ಬಂದರೇನು? ಪಾಸ್‌ಪೋರ್ಟು, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಹೋಟೆಲ್ ಬುಕಿಂಗು ಎಲ್ಲ ಜೋಡಿಸಿಕೊಂಡು ಅರ್ಜಿ ತುಂಬಲು ಕುಳಿತರೆ ಒಂದು ಪ್ರಶ್ನೆಯ ಹತ್ತಿರ ಗಾಡಿ ನಿಲ್ಲುತ್ತದೆ: ನೀವು ಬ್ರಿಟನ್ನಿನ ನಿವಾಸಿಯೇ? ಅಲ್ಲ, ಭೇಟಿಗೆ ಬಂದವನು ಎಂದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. ನಿಮ್ಮ ದೇಶದಲ್ಲಿ ಅರ್ಜಿ ಹಾಕಿ.

ಇದನ್ನು ಕೇಳಿದವರು ಸರ್ಕಾರಿ ಕಿರಿಕಿರಿ ಎಂದು ಗೊಣಗಿ ಸುಮ್ಮನಾಗುತ್ತಾರೆ. ಹಣ ಇದೆ, ನೌಕರಿ ಇದೆ, ಮರಳುವ ಟಿಕೆಟ್ ಇದೆ. ಅರ್ಜಿಯನ್ನು ಲಂಡನ್ನಿನಲ್ಲಿ ಕೊಟ್ಟರೇನು, ಬೆಂಗಳೂರಿನಲ್ಲಿ ಕೊಟ್ಟರೇನು, ಕಾಗದಗಳು ಅವೇ ಅಲ್ಲವೇ? ಆದರೆ ಈ ನಿಯಮಕ್ಕೆ ನೂರು ವರ್ಷ ದಾಟಿದ ಚರಿತ್ರೆ ಇದೆ, ಮತ್ತು ಅದರ ಮೊದಲ ಪುಟಗಳಲ್ಲೇ ಭಾರತೀಯರಿದ್ದಾರೆ. ವೀಸಾ ಎಂದರೆ ನಾವು ಹೋಗಲಿರುವ ಊರಿನ ಬಾಗಿಲಲ್ಲಿ ಕೇಳುವ ಪ್ರಶ್ನೆ ಎಂದು ನಾವು ತಿಳಿದಿರುತ್ತೇವೆ. ಚರಿತ್ರೆ ನೋಡಿದರೆ, ಆ ಪ್ರಶ್ನೆ ಹೆಚ್ಚಾಗಿ ನಾವು ಬಿಟ್ಟು ಬಂದ ಊರಿನ ಬಗ್ಗೆಯೇ ಇದೆ.

ನೇರವಾಗಿ ಬಂದವರಿಗೆ ಮಾತ್ರ

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೆನಡಾದ ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾಕ್ಕೆ ಪಂಜಾಬಿನಿಂದ ಸಾವಿರಾರು ಮಂದಿ ಹೋಗಿ ಮರ ಕೊಯ್ಯುವ ಮಿಲ್ಲುಗಳಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಬಿಳಿಯರು ಇದನ್ನು ವಿರೋಧಿಸಿದರು. ಆದರೆ ಕೆನಡಾ ಸರ್ಕಾರಕ್ಕೆ ಒಂದು ಇಕ್ಕಟ್ಟಿತ್ತು. ಭಾರತೀಯರೂ ಕೆನಡಾದವರೂ ಒಂದೇ ಸಾಮ್ರಾಜ್ಯದ ಪ್ರಜೆಗಳು. ಭಾರತೀಯರು ಬರಕೂಡದು ಎಂದು ಕಾನೂನಿನಲ್ಲಿ ಬರೆದರೆ ಲಂಡನ್ನಿಗೆ ಮುಜುಗರ, ಭಾರತದಲ್ಲಿ ಅಸಮಾಧಾನ. ಹೀಗಾಗಿ 1908ರಲ್ಲಿ ಅವರು ಕಂಡುಕೊಂಡ ದಾರಿಯಲ್ಲಿ ಭಾರತದ ಹೆಸರೇ ಇರಲಿಲ್ಲ. ವಲಸೆ ಬರುವವರು ತಾವು ಹುಟ್ಟಿದ ಅಥವಾ ಪೌರರಾಗಿರುವ ದೇಶದಿಂದ, ಅಲ್ಲೇ ಕೊಂಡ ಟಿಕೆಟಿನಲ್ಲಿ, ನಡುವೆ ಎಲ್ಲೂ ಪ್ರಯಾಣ ಮುರಿಯದೆ ಬರಬೇಕು. ಹಾಗೆ ಬರದವರನ್ನು ಹೊರಗಿಡಬಹುದು. ಇಷ್ಟೇ ನಿಯಮ.

ಓದಲು ಇದು ಎಲ್ಲರಿಗೂ ಅನ್ವಯಿಸುವಂತಿದೆ. ಯೂರೋಪಿನವರಿಗೆ ಅಟ್ಲಾಂಟಿಕ್ ದಾಟುವ ನೇರ ಹಡಗುಗಳಿದ್ದವು. ಭಾರತದಿಂದ ಹೊರಟವರು ಹಾಂಗ್‌ಕಾಂಗಿನಂಥ ಬಂದರಿನಲ್ಲಿ ಇಳಿದು ಬೇರೆ ಹಡಗು ಹತ್ತಲೇಬೇಕಿತ್ತು. ಅದರ ಜೊತೆಗೆ ಏಷ್ಯಾದಿಂದ ಬರುವವರ ಕೈಯಲ್ಲಿ 200 ಡಾಲರ್ ಇರಬೇಕೆಂಬ ಇನ್ನೊಂದು ಆಜ್ಞೆ ಸೇರಿತು. ಕೂಲಿ ಮಾಡಲು ಹೊರಟವನಿಗೆ ಅದು ಸಣ್ಣ ಮೊತ್ತವಲ್ಲ. ಬಾಗಿಲಿಗೆ ಬೋರ್ಡು ಹಾಕದೆಯೇ ಬಾಗಿಲು ಮುಚ್ಚಿದಂತಾಯಿತು.

1914ರಲ್ಲಿ ಗುರ್ದಿತ್ ಸಿಂಗ್ ಈ ನಿಯಮವನ್ನು ಪರೀಕ್ಷೆಗೆ ಒಡ್ಡಿದರು. ಅವರು ಮಲಯ, ಸಿಂಗಪುರ ಕಡೆ ವ್ಯವಹಾರ ನಡೆಸುತ್ತಿದ್ದ ಪಂಜಾಬಿ. ಕೊಮಗಾತ ಮಾರು ಎಂಬ ಜಪಾನಿ ಹಡಗನ್ನು ಬಾಡಿಗೆಗೆ ಹಿಡಿದು ಏಪ್ರಿಲ್‌ನಲ್ಲಿ ಹಾಂಗ್‌ಕಾಂಗಿನಿಂದ ಹೊರಟರು. ಶಾಂಘೈ, ಮೋಜಿ, ಯೊಕೊಹಾಮಾಗಳಲ್ಲಿ ಇನ್ನಷ್ಟು ಮಂದಿ ಹತ್ತಿದರು. ಒಟ್ಟು 376 ಪ್ರಯಾಣಿಕರು. ಹಡಗು ಹತ್ತಿದ ಬಂದರುಗಳ ಹೆಸರನ್ನು ಇನ್ನೊಮ್ಮೆ ನೋಡಿ. ಅವರಲ್ಲಿ ಒಬ್ಬರೂ ಭಾರತದಲ್ಲಿ ಹಡಗು ಹತ್ತಿರಲಿಲ್ಲ. ಎಲ್ಲರೂ ಆಗಲೇ ಹೊರದೇಶದಲ್ಲಿದ್ದವರು, ದಾರಿಯಲ್ಲಿದ್ದವರು. ಅಲ್ಲಿಂದ ಮುಂದಿನ ದೇಶಕ್ಕೆ ಹೋಗಲು ಕೇಳಿದವರು.

ಮೇ 23ರಂದು ಹಡಗು ವ್ಯಾಂಕೂವರ್ ತಲುಪಿತು. ಇಳಿಯಲು ಬಿಡಲಿಲ್ಲ. ಎರಡು ತಿಂಗಳು ಬಂದರಿನಲ್ಲೇ ಲಂಗರು. ಮುನ್ಶಿ ಸಿಂಗ್ ಎಂಬ ಪ್ರಯಾಣಿಕರ ಹೆಸರಿನಲ್ಲಿ ನಡೆದ ಪರೀಕ್ಷಾ ಮೊಕದ್ದಮೆಯಲ್ಲಿ ಬ್ರಿಟಿಷ್ ಕೊಲಂಬಿಯಾದ ಮೇಲ್ಮನವಿ ನ್ಯಾಯಾಲಯ ಸರ್ಕಾರದ ಪರ ನಿಂತಿತು. ಮೊದಲೇ ಕೆನಡಾದಲ್ಲಿ ನೆಲೆಸಿದ್ದವರೂ ಸೇರಿ 24 ಮಂದಿಗಷ್ಟೇ ಇಳಿಯಲು ಅನುಮತಿ ಸಿಕ್ಕಿತು. ಜುಲೈ 23ರಂದು ನೌಕಾಪಡೆಯ ಹಡಗೊಂದರ ಕಾವಲಿನಲ್ಲಿ ಉಳಿದವರನ್ನು ವಾಪಸು ಕಳಿಸಲಾಯಿತು. ಸೆಪ್ಟೆಂಬರ್ ಕೊನೆಯಲ್ಲಿ ಹಡಗು ಕೋಲ್ಕತ್ತಾ ಹತ್ತಿರದ ಬಜ್‌ಬಜ್ ಮುಟ್ಟಿದಾಗ ಪ್ರಯಾಣಿಕರನ್ನು ಬಲವಂತವಾಗಿ ರೈಲಿನಲ್ಲಿ ಪಂಜಾಬಿಗೆ ಕಳಿಸಲು ಪೊಲೀಸರು ಹೊರಟರು. ಘರ್ಷಣೆ ನಡೆದು ಗುಂಡು ಹಾರಿ ಸುಮಾರು 20 ಮಂದಿ ಸತ್ತರು. ಕೆನಡಾದ ಆ ನಿಯಮ 1947ರವರೆಗೆ ಉಳಿಯಿತು. ಆ ದೇಶದ ಪ್ರಧಾನಿ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರ ಮೇ 18ರಂದು.

ಬಂದರಿನಿಂದ ದೂತಾವಾಸಕ್ಕೆ

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ದಿನವೂ ಹೇಳುವ ಮಾತೊಂದಿದೆ: ತಪ್ಪನ್ನು ಎಷ್ಟು ಬೇಗ ಹಿಡಿದರೆ ಅಷ್ಟು ಅಗ್ಗ. ಗ್ರಾಹಕರ ಕೈ ಸೇರಿದ ಮೇಲೆ ಸಿಕ್ಕ ದೋಷ ದುಬಾರಿ, ವಿನ್ಯಾಸದ ಹಂತದಲ್ಲೇ ಸಿಕ್ಕರೆ ಪುಕ್ಕಟೆ. ಸರ್ಕಾರಗಳು ಮನುಷ್ಯರ ವಿಷಯದಲ್ಲಿ ಇದೇ ಲೆಕ್ಕ ಹಾಕಿದವು. ಹಡಗು ಬಂದರಿಗೆ ಬಂದು ನಿಂತ ಮೇಲೆ ತಡೆಯುವುದು ಕಷ್ಟ. ಪತ್ರಿಕೆಯವರು ಬರುತ್ತಾರೆ, ವಕೀಲರು ಬರುತ್ತಾರೆ, ಹಡಗಿನೊಳಗೆ ನೀರು ಅನ್ನ ಮುಗಿಯುತ್ತದೆ, ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ. ಅದರ ಬದಲು ಆ ಮನುಷ್ಯ ಹೊರಡುವ ಮೊದಲೇ, ಅವನ ಊರಿನಲ್ಲೇ, ಒಂದು ಕೌಂಟರಿನ ಹಿಂದೆ ಇಲ್ಲ ಎಂದುಬಿಟ್ಟರೆ ಸದ್ದಿಲ್ಲದೆ ಮುಗಿಯುತ್ತದೆ.

ಪಾಸ್‌ಪೋರ್ಟಿಗೆ ನಮ್ಮಲ್ಲಿ ರಹದಾರಿ ಎಂಬ ಹಳೆಯ ಪದವಿದೆ. ಪರ್ಷಿಯನ್ನಿನ ರಾಹ್, ಅಂದರೆ ದಾರಿ, ಅದರ ಮೂಲ. ದಾರಿಯಲ್ಲಿ ಹೋಗಲು ಕೊಡುವ ಚೀಟಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಪಶ್ಚಿಮ ಯೂರೋಪಿನ ಬಹುಭಾಗದಲ್ಲಿ ಅಂಥ ಚೀಟಿಯಿಲ್ಲದೆ ಓಡಾಡಬಹುದಿತ್ತು. ರಷ್ಯಾ ಮತ್ತು ಆಟೊಮನ್ ಸಾಮ್ರಾಜ್ಯಗಳು ಅದಕ್ಕೆ ಪ್ರಸಿದ್ಧ ಅಪವಾದಗಳು. ಯುದ್ಧ ಶುರುವಾದ ಮೇಲೆ ಎಲ್ಲ ದೇಶಗಳೂ ಪಾಸ್‌ಪೋರ್ಟು ಕೇಳತೊಡಗಿದವು, ತಾತ್ಕಾಲಿಕ ಎಂದು ಹೇಳಿಕೊಂಡೇ. ಬ್ರಿಟಿಷ್ ಭಾರತದ ಸರ್ಕಾರ ತನ್ನ ಪ್ರಜೆಗಳ ಸಮುದ್ರಯಾನಕ್ಕೆ ಪಾಸ್‌ಪೋರ್ಟ್ ಕಡ್ಡಾಯ ಮಾಡಲು ಬಹುಕಾಲ ಹಿಂಜರಿದಿತ್ತು. ಕೆನಡಾದ ಒತ್ತಡ, ಕೊಮಗಾತ ಮಾರು ಪ್ರಕರಣ, ಯುದ್ಧ ಎಲ್ಲ ಒಟ್ಟಾಗಿ ಆ ಹಿಂಜರಿಕೆಯನ್ನು ಮುರಿದವು ಎಂದು ವಿದ್ವಾಂಸೆ ರಾಧಿಕಾ ಮೊಂಗಿಯಾ ವಾದಿಸಿದ್ದಾರೆ. 1920ರಲ್ಲಿ ಭಾರತಕ್ಕೆ ಪ್ರವೇಶಿಸುವವರ ಪಾಸ್‌ಪೋರ್ಟ್ ಕಾಯಿದೆ ಬಂತು.

ಅದೇ 1920ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಒಂದು ಸಮ್ಮೇಳನ ನಡೆಯಿತು. ಪಾಸ್‌ಪೋರ್ಟು, ಸುಂಕದ ಕಟ್ಟಳೆ, ದೂರಪ್ರಯಾಣದ ಟಿಕೆಟ್ಟು ಈ ಮೂರೂ ಅದರ ವಿಷಯ. ಯುದ್ಧಪೂರ್ವದ ಸ್ವಾತಂತ್ರ್ಯ ಒಂದು ದಿನ ಮರಳಲಿ ಎಂಬ ಆಶಯವನ್ನೇನೋ ಅದು ಹೇಳಿತು. ಉಳಿದದ್ದು ಮಾತ್ರ 32 ಪುಟಗಳ ಪುಸ್ತಿಕೆಯ ನಮೂನೆ. 1926ರಲ್ಲಿ ಜಿನೀವಾದಲ್ಲಿ ಮತ್ತೆ ಸೇರಿದಾಗ ಪಾಸ್‌ಪೋರ್ಟನ್ನು ರದ್ದು ಮಾಡುವ ಮಾತು ಕಾರ್ಯಸಾಧ್ಯವಲ್ಲ ಎಂದು ಕೈಬಿಟ್ಟರು. ಆ ಪುಸ್ತಿಕೆಯ ಹೆಚ್ಚಿನ ಪುಟಗಳು ವೀಸಾ ಮುದ್ರೆಗಳಿಗೆಂದೇ ಖಾಲಿ ಬಿಟ್ಟವು. ಪ್ರಯಾಣಿಕ ದಾರಿಯುದ್ದಕ್ಕೂ ಒಂದೊಂದೇ ಮುದ್ರೆ ಕೂಡಿಸಿಕೊಳ್ಳುತ್ತಾ ಹೋಗುತ್ತಾನೆ ಎಂಬ ಕಲ್ಪನೆ ಅದರ ಆಕಾರದಲ್ಲೇ ಇದೆ.

ಆದರೆ ಕಾನೂನು ಬೇರೆ ದಿಕ್ಕಿಗೆ ಹೊರಳಿತು. ಅಮೆರಿಕ 1917ರಲ್ಲಿ ಯುದ್ಧದ ನೆಪದಲ್ಲಿ ವೀಸಾ ತಂದಿತು. 1924ರ ವಲಸೆ ಕಾಯಿದೆ ಅದನ್ನು ಶಾಶ್ವತ ಮಾಡಿ, ಯಾರನ್ನು ಬಿಡಬೇಕು ಎಂಬ ಮೊದಲ ತೀರ್ಮಾನವನ್ನು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಿಂದ ಹೊರದೇಶದಲ್ಲಿರುವ ಕಾನ್ಸುಲರ ಮೇಜಿಗೆ ವರ್ಗಾಯಿಸಿತು. ಅದೇ ಕಾಯಿದೆ ಭಾರತೀಯರಂಥ ಏಷ್ಯನ್ನರಿಗೆ ವಲಸೆಯ ಬಾಗಿಲನ್ನೇ ಮುಚ್ಚಿತು. ಈ ಪದ್ಧತಿಯನ್ನು ರಾಜ್ಯಶಾಸ್ತ್ರಜ್ಞ ಅರಿಸ್ಟೀಡ್ ಜೋಲ್‌ಬರ್ಗ್ ರಿಮೋಟ್ ಕಂಟ್ರೋಲ್ ಎಂದು ಕರೆದರು. 1952ರ ಅಮೆರಿಕನ್ ಕಾನೂನಿನ 214(ಬಿ) ಕಲಮು ನಮ್ಮಲ್ಲಿ ಎಷ್ಟೋ ಜನಕ್ಕೆ ಬಾಯಿಪಾಠ. ವೀಸಾ ಕೇಳುವವನು ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂದೇ ಕಾನೂನು ಮೊದಲು ಭಾವಿಸುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಅವನದು. ತೋರಿಸುವುದು ಹೇಗೆ? ಮನೆ, ನೌಕರಿ, ಸಂಸಾರ, ಊರಿನ ನಂಟು. ಆ ನಂಟನ್ನು ಅಳೆಯಲು ಅದೇ ಊರಿನಲ್ಲಿ ಕುಳಿತ ಅಧಿಕಾರಿಯೇ ಸರಿ ಎಂಬ ತರ್ಕ ಇಲ್ಲಿಂದ ಬಂತು.

ಮನೆ ಕಳೆದುಕೊಂಡವರು, ನಡೆದು ಹೊರಟವರು

ಈ ತರ್ಕ ಎಲ್ಲಿ ಕುಸಿಯುತ್ತದೆ ಎಂಬುದು 1940ರಲ್ಲಿ ಲಿಥುವೇನಿಯಾದ ಕೌನಾಸ್ ಪಟ್ಟಣದಲ್ಲಿ ಕಂಡಿತು. ನಾಜಿಗಳಿಂದ ತಪ್ಪಿಸಿಕೊಂಡು ಪೋಲೆಂಡಿನಿಂದ ಬಂದ ಯಹೂದಿಗಳು ಅಲ್ಲಿ ಸಿಕ್ಕಿಬಿದ್ದಿದ್ದರು. ನಿಮ್ಮ ದೇಶದಿಂದ ಅರ್ಜಿ ಹಾಕಿ ಎಂದು ಅವರಿಗೆ ಹೇಳಿದರೆ ಸಾವಿನ ಬಾಯಿಗೆ ಮರಳಿ ಎಂದಂತೆ. ಅಲ್ಲಿನ ಡಚ್ ಕಾನ್ಸುಲ್ ಯಾನ್ ಜ್ವಾರ್ಟೆಂಡೈಕ್, ಕೆರಿಬಿಯನ್ನಿನ ಕುರಸಾವ್ ದ್ವೀಪಕ್ಕೆ ವೀಸಾ ಬೇಕಿಲ್ಲ ಎಂದು ಅವರ ಕಾಗದಗಳಲ್ಲಿ ಬರೆದುಕೊಟ್ಟರು. ಅದನ್ನು ಕೊನೆಯ ಗುರಿ ಎಂದು ಹಿಡಿದು ಜಪಾನಿನ ಉಪಕಾನ್ಸುಲ್ ಚಿಯೂನೆ ಸುಗಿಹಾರ ಜಪಾನಿನ ಮೂಲಕ ಹಾದುಹೋಗುವ ವೀಸಾಗಳನ್ನು ಕೈಬರಹದಲ್ಲೇ ಬರೆದು ಕೊಟ್ಟರು. ಮುಂದಿನ ದೇಶದ ಅನುಮತಿ ಮತ್ತು ಸಾಕಷ್ಟು ಹಣ ಇದ್ದವರಿಗೆ ಮಾತ್ರ ಕೊಡಬೇಕೆಂಬ ನಿಯಮವನ್ನು ಅವರು ಬದಿಗಿಟ್ಟಿದ್ದರು. ಅವರ ಪಟ್ಟಿಯಲ್ಲಿ 2,100ಕ್ಕೂ ಹೆಚ್ಚು ಹೆಸರುಗಳಿವೆ. ಆ ಕಾಗದ ಹಿಡಿದವರಲ್ಲಿ ಅನೇಕರು ರೈಲಿನಲ್ಲಿ ಸೈಬೀರಿಯಾ ದಾಟಿ, ವ್ಲಾಡಿವಾಸ್ಟಾಕಿನಿಂದ ಹಡಗು ಹಿಡಿದು ಜಪಾನ್ ಸೇರಿದರು. ದಾರಿಯಲ್ಲಿ ವೀಸಾ ಕೇಳುವುದು ಪ್ರವಾಸಿಯ ಶೋಕಿ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇನ್ನೊಂದು ಬಗೆಯ ಪ್ರಯಾಣ ಬೆಂಗಳೂರಿನ ಕಾಫಿ ಹೋಟೆಲಿನಲ್ಲಿ ಹುಟ್ಟಿದ್ದು. 1961ರಲ್ಲಿ ಅಣ್ವಸ್ತ್ರ ವಿರೋಧಿಸಿದ್ದಕ್ಕೆ 89 ವರ್ಷದ ಬರ್ಟ್ರಂಡ್ ರಸೆಲ್ ಜೈಲಿಗೆ ಹೋದ ಸುದ್ದಿಯನ್ನು ಅಲ್ಲಿ ಓದಿದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು ಯುವಕರು ಅಣ್ವಸ್ತ್ರ ಇಟ್ಟುಕೊಂಡ ರಾಜಧಾನಿಗಳಿಗೆ ನಡೆದೇ ಹೋಗುವ ತೀರ್ಮಾನ ಮಾಡಿದರು. ವಿನೋಬಾ ಭಾವೆಯವರ ಸಲಹೆಯಂತೆ ಜೇಬಿನಲ್ಲಿ ಕಾಸು ಇಟ್ಟುಕೊಳ್ಳಲಿಲ್ಲ. 1962ರ ಜೂನ್ 1ರಂದು ದೆಹಲಿಯ ರಾಜಘಾಟದಿಂದ ಹೊರಟು ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್ ದಾಟಿ ಮಾಸ್ಕೋ, ಪ್ಯಾರಿಸ್, ಲಂಡನ್, ಕೊನೆಗೆ ವಾಷಿಂಗ್ಟನ್.

ಇಂದಿನ ವೀಸಾ ಫಾರಂ ಈ ಇಬ್ಬರನ್ನು ಏನು ಮಾಡೀತು ಎಂದು ಯೋಚಿಸಿ. ನಡೆಯುವವನಿಗೆ ಇಂಥ ತಾರೀಖಿಗೆ ಇಂಥ ಊರು ಎಂಬ ಪಟ್ಟಿ ಇರುವುದಿಲ್ಲ. ಹೋಟೆಲ್ ಬುಕಿಂಗು, ಬ್ಯಾಂಕ್ ಖಾತೆ, ಮರಳುವ ಟಿಕೆಟು ಯಾವುದೂ ಇಲ್ಲ. ಹೊರಡುವ ಮೊದಲೇ ದೆಹಲಿಯಲ್ಲಿ ಎಲ್ಲ ವೀಸಾ ತೆಗೆದುಕೊಂಡರೂ ಎರಡು ವರ್ಷದ ನಡಿಗೆಯಲ್ಲಿ ಅವು ಬಾಳಿಕೆ ಬರುವುದಿಲ್ಲ. ನಡೆದು ಹೋಗುವ ಲೋಕಕ್ಕೆ ದಾರಿಯಲ್ಲೇ ಕೊಡುವ ವೀಸಾ ಬೇಕೇ ಬೇಕು. ಆಗ ಭಾರತದಲ್ಲಿ ಪಾಸ್‌ಪೋರ್ಟ್ ಸಿಗುವುದೇ ಸರ್ಕಾರದ ಮರ್ಜಿ. ಹೊರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಸರ್ಕಾರ ಮನಬಂದಂತೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಹೇಳಿದ್ದು 1967ರಲ್ಲಿ. ಅದೇ ವರ್ಷ ಇಂದಿನ ಪಾಸ್‌ಪೋರ್ಟ್ ಕಾಯಿದೆ ಬಂತು. ಹೊರಡುವ ಹಕ್ಕು ನಮಗೆ ಸಿಕ್ಕಿತು. ಒಳಗೆ ಬಿಡುವ ಹಕ್ಕು ಎಂದಿನಂತೆ ಇನ್ನೊಬ್ಬರ ಕೈಯಲ್ಲಿ.

ನಡಿಗೆಯ ದಾರಿಯಲ್ಲೇ ಎದುರು ದಿಕ್ಕಿನಿಂದ ಆ ಕಾಲಕ್ಕೆ ಯೂರೋಪಿನ ಹಿಪ್ಪಿಗಳು ಬರುತ್ತಿದ್ದರು. ಇಸ್ತಾನ್‌ಬುಲ್, ಟೆಹರಾನ್, ಕಾಬೂಲ್, ದೆಹಲಿ. 1979ರ ಇರಾನ್ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ ಘಟನೆಗಳು ಆ ದಾರಿಯನ್ನು ಮುಚ್ಚಿದವು. ಇತ್ತ ನಮ್ಮವರ ದಾರಿಗಳೂ ಕಿರಿದಾದವು. 1962ರ ಕಾಯಿದೆಯವರೆಗೆ ಬ್ರಿಟನ್ನಿಗೆ ಹೋಗಿ ನೆಲೆಸಲು ಭಾರತದ ಪಾಸ್‌ಪೋರ್ಟೊಂದೇ ಸಾಕಾಗಿತ್ತು. 1986ರಲ್ಲಿ ಬ್ರಿಟನ್ ಸುಮ್ಮನೆ ನೋಡಿ ಬರುವ ಭಾರತೀಯರಿಗೂ ವೀಸಾ ಕಡ್ಡಾಯ ಮಾಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನ ಸರಣಿ ಬಾಂಬ್ ಸ್ಫೋಟಗಳ ನಂತರ ಫ್ರಾನ್ಸ್ ಜಗತ್ತಿನ ಬಹುಪಾಲು ದೇಶಗಳವರಿಗೆ ವೀಸಾ ವಿಧಿಸಿತು.

ಷೆಂಗೆನ್: ಒಂದು ಬಾಗಿಲು, ಒಂದು ಅಪವಾದ

1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಹತ್ತಿರ, ಮೊಸೆಲ್ ನದಿಯ ಹಡಗೊಂದರಲ್ಲಿ, ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದವು. 1995ರ ಮಾರ್ಚ್ 26ರಿಂದ ಏಳು ದೇಶಗಳಲ್ಲಿ ಅದು ಜಾರಿಗೆ ಬಂತು. ಈಗ 29 ದೇಶಗಳಿವೆ. ನಮ್ಮಂಥ ಪ್ರಯಾಣಿಕರಿಗೆ ಇದು ದೊಡ್ಡ ಉಪಕಾರ. ದೇಶಕ್ಕೊಂದು ವೀಸಾ ಕೂಡಿಸುವ ತಾಪತ್ರಯ ತಪ್ಪಿತು. ಆದರೆ ಒಳಗಿನ ಗೋಡೆಗಳು ಬಿದ್ದ ಮೇಲೆ ಹೊರಗಿನ ಬಾಗಿಲಿನ ಭಾರ ಹೆಚ್ಚಿತು. ಒಬ್ಬರು ಬಿಟ್ಟರೆ ಎಲ್ಲರೂ ಬಿಟ್ಟಂತೆ.

ಆ ಬಾಗಿಲಿನ ನಿಯಮಗಳೆಲ್ಲ 2009ರ ವೀಸಾ ಸಂಹಿತೆಯಲ್ಲಿವೆ. 2010ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ನಮ್ಮ ಲಂಡನ್ ಶುಕ್ರವಾರದ ಉತ್ತರ ಅದರ 6ನೇ ವಿಧಿಯಲ್ಲಿದೆ. ಮೊದಲ ಭಾಗ ಹೇಳುವುದು: ಅರ್ಜಿದಾರ ಕಾನೂನುಬದ್ಧವಾಗಿ ವಾಸವಿರುವ ಜಾಗದ ದೂತಾವಾಸವೇ ಅರ್ಜಿಯನ್ನು ನೋಡಬೇಕು. ಎರಡನೆಯ ಭಾಗವನ್ನು ಬಹಳ ಮಂದಿ ಓದುವುದಿಲ್ಲ. ಅಲ್ಲಿ ವಾಸವಿಲ್ಲದಿದ್ದರೂ ಕಾನೂನುಬದ್ಧವಾಗಿ ಅಲ್ಲಿ ಇರುವವನು, ಅಲ್ಲೇ ಏಕೆ ಅರ್ಜಿ ಹಾಕುತ್ತಿದ್ದಾನೆ ಎಂಬುದಕ್ಕೆ ಸಮರ್ಥ ಕಾರಣ ಕೊಟ್ಟರೆ, ದೂತಾವಾಸ ಆ ಅರ್ಜಿಯನ್ನು ಪರಿಶೀಲಿಸಬೇಕು. ವಾಸವಿರುವುದು ಬೇರೆ, ಇರುವುದು ಬೇರೆ. ಕೆಲಸದ ಪರ್ಮಿಟ್ ಪಡೆದು ಬ್ರಿಟನ್ನಿನಲ್ಲಿ ನೆಲೆಸಿದವರು ಮೊದಲ ಭಾಗಕ್ಕೆ ಸೇರುತ್ತಾರೆ, ಅವರಿಗೆ ತೊಂದರೆಯಿಲ್ಲ. ಎರಡು ತಿಂಗಳಿಗೆ ಬಂದವರು ಎರಡನೆಯ ಭಾಗಕ್ಕೆ. ಸುತ್ತಾಡುವ ಮನಸ್ಸಾಯಿತು ಎಂಬುದು ಅಲ್ಲಿ ಕಾರಣವಾಗಿ ನಿಲ್ಲುವುದು ಕಷ್ಟ. ಊರಿಗೆ ಮರಳದೆ ತಿಂಗಳುಗಟ್ಟಲೆ ಪ್ರಯಾಣದಲ್ಲಿದ್ದೇನೆ, ಹೊರಡುವಾಗ ಈ ಅಗತ್ಯ ಇರಲಿಲ್ಲ, ಬಂಧುವಿಗೆ ಹುಷಾರಿಲ್ಲ, ಇಂಥವು ನಿಲ್ಲಬಹುದು. ತೀರ್ಮಾನ ಅಧಿಕಾರಿಯದು.

ಇದಕ್ಕೆ ಪ್ರಾಯೋಗಿಕ ತೊಡಕುಗಳೂ ಸೇರುತ್ತವೆ. ಸಾಮಾನ್ಯವಾಗಿ ಪ್ರಯಾಣಕ್ಕೆ 15 ದಿನ ಮೊದಲಾದರೂ ಅರ್ಜಿ ಕೊಡಬೇಕು. ತೀರ್ಮಾನಕ್ಕೆ 15 ದಿನ, ಕೆಲವೊಮ್ಮೆ 45 ದಿನ. ಸ್ಟಿಕ್ಕರ್ ಅಂಟಿಸಲು ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಹೊರದೇಶದಲ್ಲಿ ಪಾಸ್‌ಪೋರ್ಟ್ ಕೈಬಿಟ್ಟು ಕೂತವನು ಮುಂದಕ್ಕೂ ಹೋಗಲಾರ, ಹಿಂದಕ್ಕೂ ಬರಲಾರ.

ನಮ್ಮ ಕಸುಬಿನವರಿಗೆ ಇಲ್ಲೊಂದು ಸಹಜ ಪ್ರಶ್ನೆ ಏಳುತ್ತದೆ. ಷೆಂಗೆನ್ ದೇಶಗಳ ವೀಸಾ ಮಾಹಿತಿ ವ್ಯವಸ್ಥೆ 2011ರಿಂದ ನಡೆಯುತ್ತಿದೆ. ಒಮ್ಮೆ ಕೊಟ್ಟ ಬೆರಳಚ್ಚನ್ನು 59 ತಿಂಗಳ ತನಕ ಮತ್ತೆ ಬಳಸುತ್ತಾರೆ. ಬೆಂಗಳೂರಿನಲ್ಲಿ ಹಾಕಿದ ಅರ್ಜಿಯ ದಾಖಲೆಯನ್ನು ಲಂಡನ್ನಿನ ಷೆಂಗೆನ್ ದೂತಾವಾಸವೂ ನೋಡಬಲ್ಲದು. ಹಾಗಿದ್ದ ಮೇಲೆ ಅರ್ಜಿ ಎಲ್ಲಿಂದ ಬಂದರೇನು? ಡೇಟಾ ಪ್ರಯಾಣ ಮಾಡುತ್ತದೆ ನಿಜ, ಆದರೆ ತಿಳಿವಳಿಕೆ ಅಷ್ಟು ಸುಲಭವಾಗಿ ಪ್ರಯಾಣ ಮಾಡುವುದಿಲ್ಲ. ನಮ್ಮ ಆದಾಯ ತೆರಿಗೆ ದಾಖಲೆ, ಸಹಕಾರಿ ಬ್ಯಾಂಕಿನ ಪಾಸ್‌ಬುಕ್, ಅಡಿಕೆ ತೋಟದ ಪಹಣಿ ಇವುಗಳಲ್ಲಿ ಅಸಲು ಯಾವುದು, ನಕಲಿ ಯಾವುದು ಎಂಬುದು ಇಲ್ಲಿ ಕುಳಿತವರಿಗೆ ಗೊತ್ತು. ಒಂದೇ ದೇಶದಲ್ಲಿರುವ ಷೆಂಗೆನ್ ದೂತಾವಾಸಗಳು ಸೇರಿ ಅಲ್ಲಿನ ಅರ್ಜಿದಾರರು ಕೊಡಬೇಕಾದ ದಾಖಲೆಗಳ ಅಗತ್ಯವನ್ನು ನಿರ್ಧರಿಸುವ ಪದ್ಧತಿಯನ್ನು ಸಂಹಿತೆಯೇ ಹೇಳಿದೆ. ಈ ಕಾರಣಕ್ಕೆ ತೂಕವಿದೆ, ತಳ್ಳಿಹಾಕುವಂತಿಲ್ಲ.

ಬಾಗಿಲು ತೆರೆದದ್ದೂ ಮುಚ್ಚಿದ್ದೂ

ಆದರೆ ತೂಕ ಎಷ್ಟು? ಅದು ಆಡಳಿತದ ಅನುಕೂಲಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂಬುದನ್ನು ಈಚಿನ ವರ್ಷಗಳಲ್ಲೇ ನೋಡಿದೆವು. ಕೋವಿಡ್ ನಂತರ ಭಾರತದಲ್ಲಿ ಅಮೆರಿಕದ ಪ್ರವಾಸಿ ವೀಸಾ ಸಂದರ್ಶನಕ್ಕೆ ಕಾಯುವ ಅವಧಿ ಕೆಲವು ನಗರಗಳಲ್ಲಿ 500 ದಿನ ದಾಟಿತು. 2023ರ ಫೆಬ್ರವರಿಯಲ್ಲಿ ಅಮೆರಿಕದ ದೂತಾವಾಸವೇ ಭಾರತೀಯರಿಗೆ ಒಂದು ದಾರಿ ತೋರಿಸಿತು: ಹೊರದೇಶಕ್ಕೆ ಹೋಗುವವರಿದ್ದರೆ ಅಲ್ಲಿನ ಅಮೆರಿಕನ್ ಕಚೇರಿಯಲ್ಲೇ ಪ್ರಯತ್ನಿಸಿ, ಉದಾಹರಣೆಗೆ ಬ್ಯಾಂಕಾಕಿನಲ್ಲಿ ಭಾರತೀಯರಿಗೂ ಸಂದರ್ಶನ ಸಿಗುತ್ತದೆ. ಥಾಯ್ಲೆಂಡಿನಲ್ಲಿ ಕುಳಿತ ಅಧಿಕಾರಿ ದಾವಣಗೆರೆಯವರ ಊರಿನ ನಂಟನ್ನು ಅಳೆಯಬಲ್ಲ ಎಂದು ಆಗ ಒಪ್ಪಿದಂತಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ದೇಶ ನಿಯಮ ಬಿಗಿ ಮಾಡಿತು. ಪ್ರವಾಸಿ ವೀಸಾದಂಥ ತಾತ್ಕಾಲಿಕ ವೀಸಾ ಕೇಳುವವರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲೇ ಸಂದರ್ಶನಕ್ಕೆ ಹಾಜರಾಗಬೇಕು. ಎರಡೂವರೆ ವರ್ಷದಲ್ಲಿ ಅರ್ಜಿದಾರರು ಬದಲಾಗಿರಲಿಲ್ಲ, ಅವರ ಊರುಗಳೂ ಬದಲಾಗಿರಲಿಲ್ಲ.

ಇನ್ನೊಂದು ಕಡೆ ಕೆಲವು ದೇಶಗಳು ಇನ್ನೊಬ್ಬರ ತೀರ್ಪನ್ನೇ ಎರವಲು ಪಡೆಯುತ್ತವೆ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಹಿಡಿದ ಭಾರತೀಯರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಬೇರೆ ದೇಶ ಒಮ್ಮೆ ಸೋಸಿದ್ದರೆ ತಾನು ಮತ್ತೆ ಸೋಸಬೇಕಿಲ್ಲ ಎಂಬ ಲೆಕ್ಕ. ಆಸ್ಟ್ರೇಲಿಯಾ 1996ರಲ್ಲಿ ಶುರು ಮಾಡಿದ ಎಲೆಕ್ಟ್ರಾನಿಕ್ ಅನುಮತಿಯ ಪದ್ಧತಿ ಈಗ ಹಲವು ರೂಪಗಳಲ್ಲಿ ಹಬ್ಬಿದೆ. ಇ-ವೀಸಾಕ್ಕೆ ಕೌಂಟರಿಲ್ಲ, ಸಾಮಾನ್ಯವಾಗಿ ಯಾವ ದೇಶದ ಹೋಟೆಲಿನಲ್ಲಿ ಕುಳಿತಾದರೂ ಅರ್ಜಿ ತುಂಬಬಹುದು. ಐರೋಪ್ಯ ಒಕ್ಕೂಟವೂ ಷೆಂಗೆನ್ ಅರ್ಜಿಯನ್ನು ಆನ್‌ಲೈನ್ ಮಾಡಿ ಸ್ಟಿಕ್ಕರ್ ತೆಗೆದುಹಾಕುವ ಕಾನೂನನ್ನು 2023ರಲ್ಲಿ ಒಪ್ಪಿದೆ.

ನಾವೂ ಇದರಿಂದ ಹೊರಗಿಲ್ಲ. ಡೇವಿಡ್ ಹೆಡ್ಲಿ ಪ್ರಕರಣ ಬಯಲಾದ ಮೇಲೆ, 2009ರ ಕೊನೆಯಲ್ಲಿ, ಭಾರತ ಸರ್ಕಾರ ವಿದೇಶಿ ಪ್ರವಾಸಿಗಳ ಎರಡು ಭೇಟಿಗಳ ನಡುವೆ ಎರಡು ತಿಂಗಳ ಅಂತರ ಇರಬೇಕೆಂದು ನಿಯಮ ಮಾಡಿತು. ಹಂಪಿ ನೋಡಿ, ನೇಪಾಳಕ್ಕೆ ಚಾರಣಕ್ಕೆ ಹೋಗಿ, ಮತ್ತೆ ದೆಹಲಿಯಿಂದ ಮನೆಗೆ ವಿಮಾನ ಹತ್ತಬೇಕಿದ್ದವರು ದಾರಿಯಲ್ಲೇ ವಿಶೇಷ ಅನುಮತಿ ಹುಡುಕಬೇಕಾಯಿತು. ಪ್ರವಾಸೋದ್ಯಮದವರೂ ಬೇರೆ ಸರ್ಕಾರಗಳೂ ದೂರಿದ ನಂತರ 2012ರ ಕೊನೆಯಲ್ಲಿ ಕೆಲವು ದೇಶಗಳವರನ್ನು ಬಿಟ್ಟು ಉಳಿದವರಿಗೆ ಅದನ್ನು ಸಡಿಲಿಸಲಾಯಿತು. 2014ರ ನವೆಂಬರ್‌ನಲ್ಲಿ ನಮ್ಮ ಎಲೆಕ್ಟ್ರಾನಿಕ್ ವೀಸಾ ಬಂತು. ಭಯ ಬಂದಾಗ ಬಾಗಿಲು ಕಿರಿದಾಗುತ್ತದೆ, ನಷ್ಟ ಕಂಡಾಗ ಅಗಲವಾಗುತ್ತದೆ. ದೇಶ ಯಾವುದಾದರೂ ಅಷ್ಟೇ.

1908ರ ಕೆನಡಾ ನಿಯಮವನ್ನೂ 2009ರ ಷೆಂಗೆನ್ ಸಂಹಿತೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮೊದಲನೆಯದು ಒಂದು ಜನಾಂಗವನ್ನು ಹೊರಗಿಡಲೆಂದೇ ಹೆಣೆದ ಬಲೆ. ಎರಡನೆಯದರಲ್ಲಿ ಅಪವಾದಕ್ಕೆ ಜಾಗವಿದೆ. ನಿರಾಕರಿಸಿದರೆ ಕಾರಣ ಬರೆದುಕೊಡಬೇಕು, ಮೇಲ್ಮನವಿಗೆ ಅವಕಾಶವಿದೆ. ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ಕಾದವರಿಗೂ ವಾರಾಂತ್ಯದ ಪ್ಯಾರಿಸ್ ತಪ್ಪಿದವರಿಗೂ ಹೋಲಿಕೆಯಿಲ್ಲ. ಆದರೂ ಎರಡರಲ್ಲೂ ಪ್ರಶ್ನೆ ಒಂದೇ: ಎಲ್ಲಿಂದ ಹೊರಟಿರಿ? ಎರಡೂ ಕಡೆ ಊಹೆಯೂ ಒಂದೇ: ಮನುಷ್ಯನಿಗೆ ಒಂದು ಊರಿರುತ್ತದೆ, ಅವನ ನಿಜ ಅಲ್ಲೇ ಸಿಗುತ್ತದೆ.

ಊರು ಬಿಟ್ಟು ಊರಲ್ಲಿ ಬದುಕುವ ನಮಗೆ ಈ ಊಹೆಯ ಬಿರುಕು ಕಾಣುತ್ತದೆ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಶಿರಸಿಯ ವಿಳಾಸ, ಬಾಡಿಗೆ ಕರಾರು ಹೈದರಾಬಾದಿನದು, ಸಂಬಳ ಬರುವುದು ಪುಣೆಯ ಕಂಪನಿಯಿಂದ. ಭಾರತದೊಳಗೇ ದೂತಾವಾಸಗಳು ರಾಜ್ಯಗಳನ್ನು ಹಂಚಿಕೊಂಡಿವೆ.  ಅಲ್ಲಿಯೂ ಮೊದಲು ಕೇಳುವುದು ನೀವು ನಿಜವಾಗಿ ಎಲ್ಲಿಯವರು ಎಂದೇ. ಅದಕ್ಕೆ ನಮ್ಮ ಹತ್ತಿರ ಎರಡು ಉತ್ತರಗಳಿರುತ್ತವೆ, ಎರಡೂ ನಿಜ. ಫಾರಂನಲ್ಲಿ ಒಂದಕ್ಕೆ ಮಾತ್ರ ಜಾಗ.

ಈ ಚರಿತ್ರೆಯಿಂದ ಮುಂದಿನ ಪ್ರವಾಸಕ್ಕೆ ತೆಗೆದುಕೊಳ್ಳಬಹುದಾದ ಬುದ್ಧಿ ಸರಳ. ಒಂದಕ್ಕಿಂತ ಹೆಚ್ಚು ದೇಶ ನೋಡುವ ಆಸೆಯಿದ್ದರೆ ಹೊರಡುವ ಮೊದಲೇ, ವಾಸವಿರುವ ಊರಿನಲ್ಲೇ, ವೀಸಾ ಕೇಳಿಡಿ. ದಾರಿಯಲ್ಲೇ ಅಗತ್ಯ ಬಿದ್ದರೆ, ಬಾಗಿಲು ಮುಚ್ಚಿದೆ ಎಂದು ಹಿಂದಿರುಗುವ ಮೊದಲು ಅಪವಾದದ ಸಾಲನ್ನು ಹುಡುಕಿ ಓದಿ. ಇಲ್ಲೇ ಏಕೆ ಕೇಳುತ್ತಿದ್ದೇನೆ ಎಂಬ ಕಾರಣವನ್ನು ದಾಖಲೆ ಸಮೇತ ಒಂದು ಪುಟದಲ್ಲಿ ಬರೆದು ಕೊಡಿ. ಕೊಮಗಾತ ಮಾರುವಿನಲ್ಲಿದ್ದವರಿಗೆ ಅಂಥ ಒಂದು ಸಾಲೂ ಇರಲಿಲ್ಲ.